ಕೋಲು ಹೊತ್ತ ಕಾಲು

ನಂದಿಕೋಲು ಮೂರನೇ ಸಲ ವಾಲಿತು. ಸುತ್ತ ನಿಂತ ನಾಲ್ವರು ಓಡಿಬಂದು ಹಿಡಿಯದೇ ಹೋಗಿದ್ದರೆ ಹದಿನೆಂಟು ಮೊಳದ ಬಿದಿರು ತುದಿಯ ಹಿತ್ತಾಳೆ ಕಳಸದ ಸಮೇತ ಬೆಳುಂಕಿ ಊರ ಗುಡಿ ಮುಂದೆ ನೆಲ ಕಚ್ಚುತ್ತಿತ್ತು. ನಡುವಿಗೆ ಕಟ್ಟಿದ ಚರ್ಮದ ಪಟ್ಟಾದಲ್ಲಿ ಕೋಲಿನ ಬುಡ ಊರಿಕೊಂಡು ಹತ್ತು ಹೆಜ್ಜೆಯೂ ನಡೆಯಲಾಗದ ಗುರುಸಿದ್ದ ಬೆವರು ಒರೆಸಿಕೊಂಡು, "ಬ್ಯಾಲೆನ್ಸ್ ಹೋತ್ರಿ" ಅಂದ.

"ಎಲ್ಲಿ ಹೋತು? ಬಸ್ ಹತ್ತಿ ಜತ್ತಕ್ಕ ಹೋತೇನು?" ಎಂದು ಊರ ಹಿರಿಯ ಸೋಮನಿಂಗಪ್ಪ ರೇಗಿದ. "ನೋಡಪಾ ಮಾಸ್ತರ, ಸಂಕ್ರಮಣಕ್ಕ ಎಂಟ ದಿನ ಉಳದಾವ. ಇವತ್ತ ಗುಡಿಗೆ ಒಂದ ಸುತ್ತ ಹಾಕಿದಿ, ಕೋಲು ನಿಮ್ಮ ಮನ್ಯಾಗ ಉಳೀತು. ಇಲ್ಲಂದ್ರ ಶಿವಲಿಂಗನ ಮನಿಗೆ ಕೊಡತೀವಿ. ದೇವರ ಕೋಲು ನಡು ಓಣ್ಯಾಗ ಬೀಳಬಾರದು."

ಕಟ್ಟೆಯ ಮೇಲೆ ಕುಳಿತಿದ್ದ ಶ್ರೀಶೈಲಪ್ಪನಿಗೆ ಈ ಮಾತು ಎದೆಗೇ ನಾಟಿತು. ನಾಲ್ಕು ತಲೆಮಾರಿನಿಂದ ಕೋಲು ಹೊತ್ತ ಮನೆ ಅದು. ಅವನೊಬ್ಬನೇ ನಲವತ್ತೊಂದು ವರ್ಷ ಹೊತ್ತಿದ್ದ. ಈಗ ಮೊಣಕಾಲು ಸವೆದಿದೆ, ಭಾರ ಎತ್ತಬೇಡ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಮನೆಯಲ್ಲಿ ಉಳಿದ ಗಂಡಾಳು ಅಣ್ಣನ ಮಗ ಗುರುಸಿದ್ದನೊಬ್ಬನೇ. ಅವನೋ ಕನ್ನಡ ಸಾಲಿಯಲ್ಲಿ ಇಂಗ್ಲಿಷ್ ಕಲಿಸುವವನು, ಸೀಮೆಸುಣ್ಣಕ್ಕಿಂತ ಭಾರದ್ದನ್ನು ಎತ್ತಿದವನಲ್ಲ.

"ಕೋಲು ಹೊತ್ತಾಗ ನೀ ಏನ ಮಾಡ್ತಿ?" ಶ್ರೀಶೈಲಪ್ಪ ಕೇಳಿದ.

"ಒಂಚೂರೂ ಅಳ್ಳಾಡದಂಗ ನಿಂದರತೀನ್ರಿ ಕಾಕಾ. ಉಸರೂ ಬಿಡೂದಿಲ್ಲ."

"ಅದ್ಯಾಕ?"

"ಬ್ಯಾಲೆನ್ಸ್ ಅಂದ್ರ ಅದ ಅಲ್ಲೇನ್ರಿ? ನಿನ್ನೆ ಸಾಲ್ಯಾಗ ಹುಡುಗರಿಗೂ ಅದನ್ನ ಹೇಳೀನಿ. ಚೇಂಜ್ ಅಂದ್ರ ಇದ್ದದ್ದು ಬದಲಾಗೂದು. ಬ್ಯಾಲೆನ್ಸ್ ಅಂದ್ರ ಬದಲಾಗದ ಇದ್ದಂಗ ಇರೂದು. ಒಂದಕ್ಕೊಂದು ಉಲ್ಟಾ."

ಶ್ರೀಶೈಲಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಪುಣ್ಯಾಕ ನಿನ್ನ ಹುಡುಗರು ಯಾರೂ ಕೋಲು ಹೊರೂದಿಲ್ಲ!" ಎನ್ನುತ್ತ ಕಟ್ಟೆಯಿಂದ ಇಳಿದು, ಗುರುಸಿದ್ದನ ನಡುವಿನ ಪಟ್ಟಾ ಬಿಚ್ಚಿ ತಾನೇ ಕಟ್ಟಿಕೊಂಡ.

"ಕಾಕಾ, ಡಾಕ್ಟರ್ ಬ್ಯಾಡ ಅಂದಾರ್ರಿ!"

"ಡಾಕ್ಟರ್ ಎಂದಾರ ಕೋಲು ಹೊತ್ತಾನೇನು? ಎತ್ತಿ ಇಡ್ರೋ."

ನಾಲ್ವರು ಎತ್ತಿಟ್ಟರು. ಕೋಲು ನಿಂತಿತು. ಎಂಥಾ ನಿಲುವು ಅಂತೀರಿ! ತುದಿಗೆ ಕಟ್ಟಿದ ಗೆಜ್ಜೆಗಳಲ್ಲಿ ಒಂದೂ ಸದ್ದು ಮಾಡಲಿಲ್ಲ.

"ಮ್ಯಾಲ ನೋಡಬ್ಯಾಡ, ಅಲ್ಲಿ ಏನೂ ಇಲ್ಲ. ಕೆಳಗ ಕುಂದ್ರು. ನನ್ನ ಮೀನಖಂಡ ಹಿಡಿ."

ಗುರುಸಿದ್ದ ಮಣ್ಣಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಾಕಾನ ಕಾಲನ್ನು ಎರಡೂ ಅಂಗೈಯಿಂದ ಹಿಡಿದ. ಹಿಡಿದವನೇ ಬೆಚ್ಚಿ ಕೈ ತೆಗೆದ. ಮತ್ತೆ ಹಿಡಿದ. ಚರ್ಮದ ಕೆಳಗೆ ಮಾಂಸ ಬಿಗಿಯುತ್ತಿತ್ತು, ಸಡಿಲುತ್ತಿತ್ತು. ನೊಣ ಕೂತಾಗ ಎತ್ತಿನ ಮೈ ಅದುರುವಂತೆ ಅಲ್ಲೊಮ್ಮೆ ಇಲ್ಲೊಮ್ಮೆ ಅದುರುತ್ತಿತ್ತು. ಹೆಬ್ಬೆರಳು ಮಣ್ಣು ಕಚ್ಚಿ ಬಿಡುತ್ತಿತ್ತು, ಬಿಡುವಷ್ಟರಲ್ಲಿ ಹಿಮ್ಮಡ ಒತ್ತುತ್ತಿತ್ತು, ಮೊಣಕಾಲು ಎಳ್ಳಿನಷ್ಟು ಮಡಿಯುತ್ತಿತ್ತು. ಒಂದು ಮುಗಿಯುವ ಮೊದಲೇ ಇನ್ನೊಂದು. ಗುರುಸಿದ್ದ ತಲೆ ಎತ್ತಿದರೆ ಕೋಲು ಅಲುಗದೆ ನಿಂತಿದೆ, ತಲೆ ತಗ್ಗಿಸಿದರೆ ನಿಂತದ್ದು ಒಂದೂ ಇಲ್ಲ. ಹುಟ್ಟಿದಾಗಿನಿಂದ ಊರ ಮಂದಿಯ ಜತೆ ಅವನೂ ಮೇಲಿನ ಕಳಸಕ್ಕೆ ಕೈ ಮುಗಿದಿದ್ದ. ಕೆಳಗೆ ಇಷ್ಟೆಲ್ಲ ನಡೆದಿರುತ್ತದೆ ಎಂದು ಯಾರೂ ಹೇಳಿರಲಿಲ್ಲ.

"ಅಯ್ಯ ಶಿವನೆ! ಎಷ್ಟ ಸಲ ಚೇಂಜ್ ಮಾಡಾಕತ್ತೀರ್ರಿ ಕಾಕಾ!"

"ಎಣಸಾಕ ಹೋದ್ರ ಬೀಳತೈತಿ," ಅಂದ ಶ್ರೀಶೈಲಪ್ಪ. ಅವನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. "ನಿನ್ನ ಬ್ಯಾಲೆನ್ಸ್ ಅನ್ನೂದು ಮ್ಯಾಲಿನವರಿಗೆ ಕಾಣೂದು. ಕೆಳಗ ಬರೇ ಚೇಂಜ್ ಐತಿ. ಅದನ್ನ ನಿಲ್ಲಿಸಿದೆಪಾ ಅಂದ್ರ ಮುಗೀತು. ತಗೋ, ಇನ್ನ ನೀ ಹೊರು."

ಗುರುಸಿದ್ದ ಪಟ್ಟಾ ಬಿಗಿದುಕೊಂಡ. ಈ ಸಲ ಉಸಿರು ಕಟ್ಟಲಿಲ್ಲ. ಕೋಲು ಎಡಕ್ಕೆ ಮನಸ್ಸು ಮಾಡಿದರೆ ಅವನೂ ಎಡಕ್ಕೆ ಹೋದ, ಹಿಂದಕ್ಕೆ ಬಾಗಿದರೆ ಹಿಂದೆ ಸರಿದ. ಹತ್ತು ಹೆಜ್ಜೆ ದಾಟಿತು, ಇಪ್ಪತ್ತು ದಾಟಿತು. ಗುಡಿಯ ಹಿಂದಿನ ಮೂಲೆಯಲ್ಲಿ ಬಯಲ ಗಾಳಿ ಒಮ್ಮೆಲೇ ಬಡಿದು ಬಿದಿರು ಬಿಲ್ಲಿನಂತೆ ಬಾಗಿತು. "ಹಿಡೀರಲೇ!" ಎಂದು ಸೋಮನಿಂಗಪ್ಪ ಕೂಗಿದ.

"ಯಾರೂ ಮುಟ್ಟಬ್ಯಾಡ್ರಿ!" ಮಾಸ್ತರನ ದನಿ ಗುಡಿಯ ಗೋಡೆಗೆ ಬಡಿದು ಬಂತು. ಅವನ ಕಾಲು ನಡುಗಿತು, ಮಡಿಯಿತು, ತಿರುಗಿತು. ಕೋಲು ನಿಧಾನಕ್ಕೆ ನೆಟ್ಟಗಾಯಿತು. ಆಮೇಲೆ ಅದು ಗುಡಿಯ ಮುಂದಕ್ಕೆ ಬಂದೇ ಬಂತು.

ಬಾಯಿ ತುಂಬ ಬೈಗುಳ ಇಟ್ಟುಕೊಂಡಿದ್ದ ಸೋಮನಿಂಗಪ್ಪ ಟೋಪಿ ತೆಗೆದ. "ಕೋಲು ನಿಮ್ಮ ಮನಿದಪಾ, ನಿಮ್ಮ ಮನಿದ" ಎನ್ನುತ್ತ ಶ್ರೀಶೈಲಪ್ಪನ ಕಡೆ ತಿರುಗಿದ.

ಶ್ರೀಶೈಲಪ್ಪ ಮತ್ತೆ ಕಟ್ಟೆ ಹತ್ತಿ ಕುಳಿತಿದ್ದ. ನಡುವಿನಲ್ಲಿ ಪಟ್ಟಾ ಇರಲಿಲ್ಲ, ಮೈಮೇಲೆ ಭಾರ ಇರಲಿಲ್ಲ. ಆದರೂ ಗುರುಸಿದ್ದ ಇನ್ನೂ ಹೊತ್ತು ನಿಂತಿದ್ದ ಕೋಲು ಬಾಗಿದಾಗಲೆಲ್ಲ ಅವನ ಹೆಬ್ಬೆರಳು ಕಟ್ಟೆಯ ಕಲ್ಲು ಕಚ್ಚುತ್ತಿತ್ತು, ಮೀನಖಂಡ ಬಿಗಿದು ಸಡಿಲುತ್ತಿತ್ತು.

"ಶ್ರೀಶೈಲಪ್ಪ, ಕುಂತಲ್ಲೇ ಯಾಕೋ ಕಾಲ ಆಡಸಾಕತ್ತಿ?" ಎಂದು ಸೋಮನಿಂಗಪ್ಪ ಕೇಳಿದ.

"ನಾ ಎಲ್ಲಿ ಆಡಸಾಕತ್ತೀನೋ? ಸುಮ್ಮನ ಕುಂತೀನಲ್ಲ," ಅಂದ ಶ್ರೀಶೈಲಪ್ಪ, ಅಣ್ಣನ ಮಗನ ಮೇಲಿನ ಕಣ್ಣು ತೆಗೆಯದೆ.