ತೂತು ಬಿತ್ತು

"ಮೇಡಂ, ಈ ಸಲ ತೂತು ಬಿದ್ದಿದೆ!" ಸೂಕ್ಷ್ಮದರ್ಶಕದ ತಂತ್ರಜ್ಞ ಕೂಗಿದ. ಸಂಶೋಧಕಿ ಓಡಿಬಂದು ಪರದೆಗೆ ಮುಖವಿಟ್ಟಳು. ಕ್ಯಾನ್ಸರ್ ಗಡ್ಡೆಯವರೆಗೆ ಮದ್ದು ಹೊತ್ತೊಯ್ಯಬೇಕಿದ್ದ ಅವಳ ಸಿಲಿಕಾ ಕಣಗಳು ಎರಡು ವರ್ಷದಿಂದ ಗಟ್ಟಿ ಗುಂಡುಗಳಾಗಿಯೇ ಹುಟ್ಟುತ್ತಿದ್ದವು. ಮದ್ದು ತುಂಬಲು ಜಾಗವೇ ಇರಲಿಲ್ಲ. ಈಗ ಒಂದೊಂದು ಕಣವೂ ಜೇನುಗೂಡಿನಂತಿತ್ತು.

ಅವಳು ಕೂಡಲೇ ಅಪ್ಪನಿಗೆ ಫೋನು ಮಾಡಿದಳು. ನಲವತ್ತು ವರ್ಷದಿಂದ ಊರಿನ ಪೈಪುಗಳ ಸೋರಿಕೆ ನಿಲ್ಲಿಸುತ್ತಿದ್ದ ಪ್ಲಂಬರ್ ಆತ, ಆಗಲೂ ಕೆಲಸದಲ್ಲಿದ್ದ.

"ಅಪ್ಪಾ, ತೂತು ಬಿತ್ತು! ಸಾವಿರಾರು!"

"ಅಯ್ಯಯ್ಯೋ, ಮೊದಲು ಮೇನ್ ವಾಲ್ವ್ ಮುಚ್ಚು! ನಾನೀಗ್ಲೇ ಬಂದೆ."

"ಇದು ಬೇಕಾಗಿದ್ದ ತೂತು ಅಪ್ಪಾ, ಮದ್ದು ತುಂಬೋಕೆ" ಎನ್ನುತ್ತ ಅವಳು ನಗುನಗುತ್ತಲೇ ಅತ್ತುಬಿಟ್ಟಳು.

ಅತ್ತ ಕಡೆ ಅಪ್ಪ ಜೊತೆಗಾರರಿಗೆಲ್ಲ ಕೇಳುವಂತೆ ಕೂಗಿದ: "ಕೇಳಿದ್ರಾ? ನನ್ನ ಮಗಳು ಸಾವಿರ ತೂತು ಕೊರೆದ್ಲು ಕಣ್ರೋ!"