ಶೆಡ್ಡಿಗೊಂದು ಬಾಗಿಲು

ಕಿಡಿಯಕ್ಕನ ತಮ್ಮ ಚಹಾದ ಫ್ಲಾಸ್ಕ್ ಹಿಡಿದುಕೊಂಡು ಅಂಗಡಿಯ ಆಫೀಸು ರೂಮಿನ ಆಚೆ ಬಂದು ನಿಂತದ್ದು ಅವಳಿಗೆ ಬಾಗಿಲ ಗಾಜಿನಲ್ಲಿ ಕಾಣಿಸಿತು. ನಿಂತವನು ನಿಂತೇ ಇದ್ದ. ತಟ್ಟಲಿಲ್ಲ, ಕೂಗಲಿಲ್ಲ, ಹಿಡಿಗೆ ಕೈಯನ್ನೂ ಹಾಕಲಿಲ್ಲ. ಜೈಲಿನಿಂದ ಬಿಡುಗಡೆಯಾಗಿ ಬಂದಾಗಿನಿಂದ ಅವನದು ಇದೇ ಪಾಡು. ಮನೆಯಲ್ಲಿ ಬಚ್ಚಲಿನ ಮುಂದೂ ಅಷ್ಟೇ, ಯಾರಾದರೂ ಬಂದು ತೆಗೆಯುವವರೆಗೆ ಸುಮ್ಮನೆ ಕಾಯುತ್ತಾನೆ. ಒಳಗಿದ್ದಷ್ಟು ವರ್ಷವೂ ಬಾಗಿಲು ತೆಗೆಯುವುದು, ಮುಚ್ಚುವುದು ಬೇರೆಯವರ ಕೆಲಸವಾಗಿತ್ತು. ಕೈಗೆ ಆ ಅಭ್ಯಾಸವೇ ತಪ್ಪಿಹೋಗಿದೆ. ಮೊದಮೊದಲು ಅವಳೇ ಓಡಿಹೋಗಿ ತೆಗೆಯುತ್ತಿದ್ದಳು. ಆಮೇಲೊಂದು ದಿನ ಮನಸ್ಸು ಗಟ್ಟಿ ಮಾಡಿ, "ಚಿಲಕ ಹಾಕಿಲ್ಲ ಕಣೋ. ನೀನೇ ತೆಗೀಬೇಕು" ಎಂದು ಒಳಗೇ ಕೂತುಬಿಟ್ಟಳು. ಪಾಪ ಅನ್ನಿಸಿದರೂ ಏಳಲಿಲ್ಲ. ತಾನಿಲ್ಲದ ಕಾಲಕ್ಕೆ ಇವನಿಗೆ ಬಾಗಿಲು ತೆಗೆಯುವವರು ಯಾರು ಎಂಬುದು ಅವಳ ಚಿಂತೆ.

ಇವತ್ತು ಎದುರಿಗೆ ಇಂಜಿನಿಯರ್ ಸಾಹೇಬರು ಬೇರೆ ಕೂತಿದ್ದರು. ಜೈಲಿನ ಕಟ್ಟಡಗಳೆಲ್ಲ ಅವರ ಸುಪರ್ದಿಗೆ ಸೇರಿದವು. ಕಾರಿನ ಬಾಗಿಲನ್ನೂ ಈ ಆಫೀಸು ರೂಮಿನ ಬಾಗಿಲನ್ನೂ ಡ್ರೈವರೇ ತೆಗೆದು, ಅವರನ್ನು ಮದುಮಗನ ಹಾಗೆ ಒಳಗೆ ಬಿಟ್ಟು ಹೋಗಿದ್ದ. ಅವರು ಹುಡುಕಿಕೊಂಡು ಬಂದದ್ದು ಸುಮ್ಮನೆ ಅಲ್ಲ. ಗಟ್ಟಿ ಬಾಗಿಲಿಗೆ ಕಿಡಿಯಕ್ಕನ ಅಂಗಡಿ ಹೆಸರುವಾಸಿ. ವೆಲ್ಡಿಂಗಿನ ಕಿಡಿಗಿಂತ ಮಾತಿನ ಕಿಡಿಯಿಂದಲೇ ಅವಳಿಗೆ ಆ ಹೆಸರು ಬಂತೆಂದು ಬೀದಿಯವರ ಅಂಬೋಣ.

ಸರ್ಕಾರ ಈ ಸಲ ಜೈಲಿಗೆ ಕೈಬಿಚ್ಚಿ ಕೊಟ್ಟಿದೆಯಂತೆ. ಗೋಡೆ ಇನ್ನೂ ಎತ್ತರವಾಗುತ್ತದೆ, ಮೂಲೆಮೂಲೆಗೂ ಕ್ಯಾಮೆರಾ ಬರುತ್ತದೆ, ಹೊಸ ಕೋಣೆಗಳು ಏಳುತ್ತವೆ. ಆ ಕೋಣೆಗಳ ಬಾಗಿಲನ್ನೆಲ್ಲ ಅವಳೇ ಮಾಡಿಕೊಡಬೇಕು, ಹಿಡಿ ಹೊರಗಡೆ ಮಾತ್ರ ಸಾಕು ಎಂದರು ಸಾಹೇಬರು. ಎಲ್ಲ ಮುಗಿದ ಮೇಲೆ ಏನೋ ನೆನಪಾದವರಂತೆ ಒಂದು ಮಾತು ಸೇರಿಸಿದರು.

"ಹಾಗೇ, ಆ ಮರಗೆಲಸದ ಶೆಡ್ಡಿಗೂ ಬಾಗಿಲು ಹಾಕೋದಿದೆ."

ಕಿಡಿಯಕ್ಕನ ಮುಖ ಅರಳಿತು. ಉಳಿ ಹಿಡಿಯಲು ತಮ್ಮ ಕಲಿತದ್ದು ಜೈಲಿನ ಆ ಶೆಡ್ಡಿನಲ್ಲಿಯೇ. ಭೇಟಿಗೆ ಹೋದಾಗ ಮಿಕ್ಕ ಮಾತಿಗೆಲ್ಲ ಹೂಂ, ಉಹೂಂ ಎನ್ನುತ್ತಿದ್ದವನು ಶೆಡ್ಡಿನ ಸುದ್ದಿ ಬಂದರೆ ಮಾತ್ರ ಬಾಯಿಬಿಡುತ್ತಿದ್ದ. ಅದರ ಬಾಗಿಲಿಗೆ ಗೆದ್ದಲು ಹಿಡಿದು ಅರ್ಧ ಉದುರಿದೆ ಎಂದು ಹೇಳಿದವನೂ ಅವನೇ. ಅವಳು ಆಗಲೇ ಅಳತೆ ಟೇಪು ಎಳೆದಿದ್ದಳು.

"ಅಳತೆ ಹೇಳಿ ಸರ್. ದಿನಾ ಓಡಾಡೋ ಬಾಗಿಲು, ಅದಕ್ಕೆ ಎರಡೂ ಕಡೆ ಹಿಡಿ ಇಡ್ತೀನಿ."

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. "ಆ ಬಾಗಿಲಲ್ಲಮ್ಮ. ಶೆಡ್ಡನ್ನ ಮುಚ್ಚಿಬಿಡೋದು. ಕಲಿಸೋ ಮೇಷ್ಟ್ರ ಸಂಬಳಕ್ಕೆ ಅಂತ ಈ ಸಲ ಏನೂ ಇಟ್ಟಿಲ್ಲ. ಆ ಜಾಗದಲ್ಲೂ ಕೋಣೆನೇ ಬರುತ್ತೆ. ನಿಮಗೂ ಇನ್ನೊಂದಷ್ಟು ಬಾಗಿಲಿನ ಕೆಲಸ ಸಿಕ್ಕ ಹಾಗಾಯ್ತಲ್ಲ."

ಬಾಗಿಲು ಹಾಕುವುದೆಂದರೆ ಕಿಡಿಯಕ್ಕನ ಕಸುಬಿನಲ್ಲಿ ಒಂದೇ ಅರ್ಥ, ಇಲ್ಲದ ಕಡೆ ಬಾಗಿಲು ಕೂರಿಸುವುದು. ಇನ್ನೊಂದು ಅರ್ಥವಿರುವುದು ಅವಳಿಗೆ ಆ ಗಳಿಗೆಯಲ್ಲಿ ಹೊಳೆದೇ ಇರಲಿಲ್ಲ. ಕೈ ಸಡಿಲಾಗಿ ಟೇಪು ಸರ್ರನೆ ಒಳಗೆ ಸುತ್ತಿಕೊಂಡಿತು. ನಾಚಿಕೆಯೂ ಆಯಿತು, ಅದರ ಹಿಂದೆಯೇ ಸಿಟ್ಟು ನೆತ್ತಿಗೇರಿತು. ಆ ಶೆಡ್ಡಿನ ಜಾಗಕ್ಕೆ ತನ್ನ ಅಂಗಡಿಯಿಂದ ಒಂದು ತುಂಡು ತಗಡೂ ಬರುವುದಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದಳು. ಹಾಗಾದರೆ ಬೇರೆಯವರು ಮಾಡಿಕೊಡುತ್ತಾರೆ, ಶೆಡ್ಡಂತೂ ಉಳಿಯುವುದಿಲ್ಲ ಎಂದರು ಸಾಹೇಬರು, ಸ್ವಲ್ಪ ದನಿಯೇರಿಸಿ. ಅದು ನಿಜವೆಂದು ಅವಳಿಗೂ ಗೊತ್ತಿತ್ತು.

ಆಗ ಬಾಗಿಲು ದಢಾರನೆ ತೆರೆದುಕೊಂಡು ಗೋಡೆಗೆ ಬಡಿಯಿತು. ಹೊಸ್ತಿಲಲ್ಲಿ ತಮ್ಮ ನಿಂತಿದ್ದ. ಒಂದು ಕೈಯಲ್ಲಿ ಫ್ಲಾಸ್ಕ್, ಇನ್ನೊಂದು ಕೈ ಬಾಗಿಲ ಹಿಡಿಯ ಮೇಲೆ. ನೇರವಾಗಿ ಸಾಹೇಬರಿಗೇ ಹೇಳಿದ.

"ಶೆಡ್ ಮುಚ್ಚಬೇಡಿ ಸರ್. ನಾನು ಬಿಟ್ಟುಬಂದ ಕುರ್ಚಿ ಇನ್ನೂ ಮೂರೇ ಕಾಲಲ್ಲಿದೆ. ಅಲ್ಲಿರೋರಿಗೆ ನಾಲ್ಕನೇ ಕಾಲು ಕೂರಿಸೋಕೆ ಬರಲ್ಲ. ಮೇಷ್ಟ್ರಿಗೆ ಸಂಬಳ ಇಲ್ಲ ಅಂದ್ರೆ ನಾನು ಬಂದು ಕಲಿಸ್ತೀನಿ. ನನಗೇನೂ ಕೊಡಬೇಡಿ."

ಸಾಹೇಬರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಬಿಡುಗಡೆ ಆಗಿ ಬಂದೋನು ಮತ್ತೆ ಒಳಗೆ ಹೋಗ್ತೀಯಾ?"

"ಹೋಗ್ತೀನಿ. ಸಂಜೆ ಆಚೆ ಬರ್ತೀನಲ್ಲ ಸರ್."

ಕಿಡಿಯಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಾಗಿಲು ತೆಗೆದೆಯಲ್ಲೋ ಎಂದು ಬಾಯಿತುದಿಗೆ ಬಂದದ್ದನ್ನು ಹಾಗೆಯೇ ನುಂಗಿಕೊಂಡಳು. ಹೇಳಿದರೆ ಎಲ್ಲಿ ಕೈ ಹಿಂದೆ ತೆಗೆದುಬಿಡುತ್ತಾನೋ ಎಂಬ ಭಯ. ತಮ್ಮ ಒಳಗೆ ಬಂದು, ತಾನೇ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ, ಮೂವರಿಗೂ ಚಹಾ ಬಗ್ಗಿಸಿದ. ಹಳೇ ಫ್ಲಾಸ್ಕಿನಲ್ಲಿ ಅದು ಆರಿ ತಣ್ಣಗಾಗಿತ್ತು. ಸಾಹೇಬರು ಅದನ್ನೇ ಕುಡಿದರು. ಕೊನೆಗೆ, ಇದು ನನ್ನ ಕೈಯಲ್ಲಿಲ್ಲ, ಮೇಲಿನವರಿಗೆ ಹೇಳಿ ನೋಡುತ್ತೇನೆ ಎಂದರು. ನೀವು ಹೇಳಿ ಸರ್, ನಾವಿಬ್ಬರೂ ನಾಳೆಯೇ ಆ ಮೇಲಿನವರ ಹತ್ತಿರ ಬರುತ್ತೇವೆ, ಅವರು ಆಗಲಿ ಅನ್ನುವ ತನಕ ಅಲ್ಲಿಂದ ಕದಲುವವರಲ್ಲ ಎಂದಳು ಕಿಡಿಯಕ್ಕ. ತಮ್ಮನೂ ತಲೆಯಾಡಿಸಿದ.

ಸಾಹೇಬರು ಎದ್ದು ಬಾಗಿಲ ಬಳಿ ಹೋದರು. ಹೋದವರು ಅಲ್ಲೇ ನಿಂತರು. ಡ್ರೈವರ್ ಕಾರಿನಲ್ಲಿ ಕಣ್ಣು ಮುಚ್ಚಿ ಒರಗಿದ್ದ. ಕಿಡಿಯಕ್ಕ ಕೂತಲ್ಲಿಂದ ಏಳಲಿಲ್ಲ. ಸಾಹೇಬರ ಎರಡೂ ಕೈ ಖಾಲಿಯೇ ಇದ್ದವು, ಆದರೂ ಅವರು ಬಾಗಿಲನ್ನೇ ನೋಡುತ್ತ ಕಾಯುತ್ತಿದ್ದರು.

ಆ ನಿಲುವು ತಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಲೋಟ ಕೆಳಗಿಟ್ಟು ಮೆತ್ತಗೆ ಹೇಳಿದ:

"ಚಿಲಕ ಹಾಕಿಲ್ಲ ಸರ್. ನೀವೇ ತೆಗೀಬೇಕು."