ಸುಳ್ಳು ಚಿಗಟ

ನಮ್ಮ ನಾಯಿಗೆ ಚಿಗಟ ಹತ್ತಿವೆಯೆಂದು ಇವತ್ತು ಬೇವಿನ ಸೊಪ್ಪು ಕುದಿಸಿದೆ. ಆ ಕಹಿ ವಾಸನೆಗೆ ಹರಪನಹಳ್ಳಿಯ ಅಜ್ಜಿಯ ಹಿತ್ತಲು ನೆನಪಾಯಿತು.

ನನ್ನ ಚಿಕ್ಕಂದಿನ ಒಂದು ಮಧ್ಯಾಹ್ನ ಅಜ್ಜಿ ಕುದಿಸಿ ಆರಿಸಿದ ಬೇವಿನ ನೀರಲ್ಲಿ, ಮನೆಗೆ ಹೊಸದಾಗಿ ಬಂದಿದ್ದ ನಾಯಿಮರಿಯ ಮೈ ತೊಳೆಯುತ್ತಿದ್ದಳು.

"ಕಣ್ಣು ಮುಚ್ಚು ನನ್ನ ಕೂಸೇ" ಅಂದಳು.

ಕಟ್ಟೆಯ ಮೇಲೆ ಕೂತಿದ್ದ ನಾನು ಕಣ್ಣು ಮುಚ್ಚಿದೆ. ಆ ಮನೆಯಲ್ಲಿ ಕೂಸು ಅಂದರೆ ನಾನೇ. ತೆರೆದು ನೋಡಿದರೆ ನೀರು ಬಿದ್ದದ್ದು ಮರಿಯ ತಲೆಗೆ. ಮೇಲಾಗಿ, ನನ್ನ ಹೇನು ತೆಗೆಯುವ ಹಣಿಗೆಯಿಂದಲೇ ಅದರ ಮೈ ಬಾಚತೊಡಗಿದಳು!

ಹೊಟ್ಟೆ ಉರಿಯಿತು. ಉಗುರಿನಿಂದ ಕೈ ಗೀರಿಕೊಂಡು ಓಡಿದೆ.

"ಅಜ್ಜಿ, ನನಗೂ ಚಿಗಟ ಕಡದಾವ!"

ಅಜ್ಜಿ ಕೈ ತಿರುಗಿಸಿ ನೋಡಿದಳು. "ಚಿಗಟಕ್ಕ ಉಗುರು ಯಾವಾಗ ಬಂದ್ವಲೇ?" ಅಂದು, ಉಳಿದ ನೀರನ್ನು ನನ್ನ ತಲೆಗೆ ಸುರಿದಳು. "ಕಣ್ಣು ಮುಚ್ಚು ಕೂಸೇ."

ಕಣ್ಣು ಉರಿದರೂ ಮುಚ್ಚಲಿಲ್ಲ. ನಾಯಿಮರಿ ನೋಡುತ್ತಿದೆಯೋ ಇಲ್ಲವೋ ಅಂತ ನನಗೆ ನೋಡಬೇಕಿತ್ತು.